ರೇಡಿಯೋ ಮೊಬೈಲ್: ಹಿನ್ನೀರಿನ ಆಚೆ ದಡಕ್ಕೆ ಎಷ್ಟು ಸಿಗ್ನಲ್ ತಲುಪೀತು?

ಕೆನಡಾದ ಹವ್ಯಾಸಿ ರೇಡಿಯೋಗಾರ (ಹ್ಯಾಮ್) ರೋಜರ್ ಕುಡೆ ಅವರು ಬರೆದು ಉಚಿತವಾಗಿ ಹಂಚುತ್ತಿರುವ ‘ರೇಡಿಯೋ ಮೊಬೈಲ್’ ಎಂಬ ವಿಂಡೋಸ್ ತಂತ್ರಾಂಶದ ಕೆಲಸ ಮೂಲತಃ ಒಂದೇ: ಈ ತುದಿಯಿಂದ ಇಷ್ಟು ಶಕ್ತಿಯಲ್ಲಿ ಹೊರಟ ರೇಡಿಯೋ ಅಲೆಯು ನಡುವಿನ ಗುಡ್ಡ, ಕಣಿವೆ, ನೀರು, ಮರಗಳನ್ನು ದಾಟಿ ಆ ತುದಿಯ ರಿಸೀವರಿಗೆ ಎಷ್ಟು ಶಕ್ತಿಯಲ್ಲಿ ಸಿಗುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು. ಇದಕ್ಕೆ ಅದು ಬಳಸುವ ಲಾಂಗ್ಲಿ–ರೈಸ್ ಮಾದರಿಯನ್ನು ಅನಿತಾ ಲಾಂಗ್ಲಿ ಮತ್ತು ಫಿಲ್ ರೈಸ್ ಅಮೆರಿಕದ ಸರ್ಕಾರಿ ಪ್ರಯೋಗಾಲಯದಲ್ಲಿ ರೂಪಿಸಿ 1968ರಲ್ಲಿ ಪ್ರಕಟಿಸಿದರು. 20 ಮೆಗಾಹರ್ಟ್ಸ್‌ನಿಂದ 20 ಗಿಗಾಹರ್ಟ್ಸ್‌ವರೆಗೆ ಆ ಮಾದರಿ ಅನ್ವಯಿಸುತ್ತದೆ. ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ 5.8 ಗಿಗಾಹರ್ಟ್ಸ್ ಲಿಂಕುಗಳು ಈ ವ್ಯಾಪ್ತಿಯೊಳಗೇ ಬರುವುದರಿಂದ, ಹ್ಯಾಮ್‌ಗಳಿಗಾಗಿ ಹುಟ್ಟಿದ ಈ ತಂತ್ರಾಂಶ ನಮ್ಮಂಥವರ ಕೈಗೂ ಬಂದಿದೆ.

ಲೆಕ್ಕದ ಮಟ್ಟಿಗೆ ಇದು ನಂಬಿಕೆಗೆ ಅರ್ಹವಾದ ಸಾಧನ ಎಂಬುದು ನನ್ನ ಅಭಿಪ್ರಾಯ. ಆದರೆ ಅದರೊಳಗೆ ಮೊದಲೇ ತುಂಬಿಟ್ಟಿರುವ ಅಂಕಿಗಳು ವಾಕಿಟಾಕಿಯ ಮಾತುಕತೆಗೆ ಹೊಂದುವಂಥವೇ ಹೊರತು ಡೇಟಾ ಲಿಂಕಿಗಲ್ಲ. ಇದನ್ನು ಗಮನಿಸದೆ ಲಿಂಕ್ ಸಿಗುತ್ತದೆಂದು ಸೂಚಿಸುವ ಪರದೆಯ ಹಸಿರು ಗೆರೆಯನ್ನಷ್ಟೇ ನಂಬಿ ಡಿಶ್ ಕೊಂಡವರು ಮಳೆಗಾಲದಲ್ಲಿ ಟವರ್ ಹತ್ತಿ ಇಳಿಯಬೇಕಾಗುತ್ತದೆ.

ಪರೀಕ್ಷೆಗೆ ತೆಗೆದುಕೊಂಡ ದಾರಿ ಸಾಗರ ತಾಲ್ಲೂಕಿನದು. ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ಈಚೆ ದಡದಲ್ಲಿ ಫೈಬರ್ ಬಂದು ನಿಂತಿರುವ ಒಂದು ಜಾಗ, ಆಚೆ ದಡದ ಊರಿನಲ್ಲಿ ಸಹಕಾರ ಸಂಘದ ಕಟ್ಟಡ, ನಡುವೆ ನೇರ ದೂರ 12 ಕಿಲೋಮೀಟರ್. ದಾರಿಯ ಒಂದು ಭಾಗ ನೀರಿನ ಮೇಲೆ, ಇನ್ನೊಂದು ಭಾಗ ಕಾಡು ಮತ್ತು ಅಡಿಕೆ ತೋಟದ ಮೇಲೆ ಹೋಗುತ್ತದೆ. ಸಾಧನ ಮಾರುವ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಬಂದ ಉತ್ತರ, ‘ಇಪ್ಪತ್ತು ಕಿಲೋಮೀಟರ್ ಆರಾಮಾಗಿ ಹೋಗುತ್ತೆ ಸಾರ್, ಡಬ್ಬದ ಮೇಲೇ ಬರೆದಿದೆ’ ಎಂಬುದಾಗಿತ್ತು. ಡಬ್ಬದ ಮೇಲಿನ ದೂರ ಯಾವ ವೇಗಕ್ಕೆ, ಎಷ್ಟು ಶಕ್ತಿಗೆ, ಎಂಥ ದಾರಿಗೆ ಎಂಬುದನ್ನು ಡಬ್ಬ ಹೇಳುವುದಿಲ್ಲ.

ತಂತ್ರಾಂಶ ತೆರೆಯುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಹೇಳುವ ಉತ್ತರವನ್ನು ಹೋಲಿಸಿ ನೋಡಲು ನಮ್ಮ ಬಳಿಯೂ ಒಂದು ಅಂಕಿ ಇರಬೇಕು. ತೆರೆದ ಅವಕಾಶದಲ್ಲಿ ಆಗುವ ನಷ್ಟವನ್ನು ತಿಳಿಯಲು, ಕಿಲೋಮೀಟರಿನಲ್ಲಿರುವ ದೂರದ ಲಾಗರಿದಮ್ಮನ್ನು 20ರಿಂದ ಗುಣಿಸಿ, ಗಿಗಾಹರ್ಟ್ಸ್‌ನಲ್ಲಿರುವ ಆವರ್ತನದ ಲಾಗರಿದಮ್ಮನ್ನೂ 20ರಿಂದ ಗುಣಿಸಿ, ಎರಡರ ಮೊತ್ತಕ್ಕೆ 92.45 ಸೇರಿಸಬೇಕು. 12 ಕಿಲೋಮೀಟರಿಗೆ 21.6, 5.8 ಗಿಗಾಹರ್ಟ್ಸ್‌ಗೆ 15.3, ಒಟ್ಟು 129.3 ಡಿಬಿ (ಡೆಸಿಬೆಲ್; ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ). ಭಾರತದಲ್ಲಿ 2018ರ ಅಧಿಸೂಚನೆಯಂತೆ ಪರವಾನಗಿಯಿಲ್ಲದೆ ಬಳಸಬಹುದಾದ 5,725ರಿಂದ 5,875 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಆಂಟೆನಾದ ಗಳಿಕೆಯೂ (ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸಿ ಹೆಚ್ಚಿಸುವ ಪ್ರಮಾಣ) ಸೇರಿ ಹೊರಸೂಸಬಹುದಾದ ಶಕ್ತಿಯ ಮಿತಿ 36 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಡಿಬಿ), ಅಂದರೆ 4 ವ್ಯಾಟ್. ಆಚೆ ತುದಿಯಲ್ಲಿ 30 ಡಿಬಿಐ (ಆಂಟೆನಾ ಗಳಿಕೆಯ ಅಳತೆ) ಡಿಶ್ ಇದ್ದರೆ, 36ರಿಂದ 129.3 ಕಳೆದು 30 ಕೂಡಿಸಿದಾಗ ರಿಸೀವರಿಗೆ ಸಿಗುವುದು ಮೈನಸ್ 63.3 ಡಿಬಿಎಂ. ಅದು ಅರ್ಧ ನ್ಯಾನೋವ್ಯಾಟ್‌ಗೂ ಕಡಿಮೆ.

ಇಲ್ಲಿ ಅಂಗಡಿಯವರು ಹೇಳದ ಒಂದು ಸಂಗತಿ ಇದೆ. ಡಿಶ್ ದೊಡ್ಡದಾದಂತೆ ಕಳುಹಿಸುವ ಶಕ್ತಿ ಹೆಚ್ಚುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಹೊರಸೂಸುವ ಶಕ್ತಿಗೆ ಕಾನೂನಿನ ಮಿತಿ ಇರುವುದರಿಂದ, 23 ಡಿಬಿಐ ಡಿಶ್ ಇದ್ದಲ್ಲಿ ರೇಡಿಯೋವನ್ನು 13 ಡಿಬಿಎಂಗೂ, 30 ಡಿಬಿಐ ಡಿಶ್ ಇದ್ದಲ್ಲಿ 6 ಡಿಬಿಎಂಗೂ ಇಳಿಸಲೇಬೇಕು. ಆದ್ದರಿಂದ ದೊಡ್ಡ ಡಿಶ್‌ನ ಲಾಭವೆಲ್ಲ ಸಿಗುವುದು ಕೇಳಿಸಿಕೊಳ್ಳುವ ಕೆಲಸದಲ್ಲಿ. ಚಿಕ್ಕ ಡಿಶ್‌ನಲ್ಲಿ −70.3 ಇದ್ದದ್ದು ದೊಡ್ಡದರಲ್ಲಿ −63.3 ಆಗುತ್ತದೆ, ಜೊತೆಗೆ ಕಿರಣ ಕಿರಿದಾಗುವುದರಿಂದ ಅಕ್ಕಪಕ್ಕದ ವೈಫೈ ಗದ್ದಲವೂ ಕಡಿಮೆ ಒಳಬರುತ್ತದೆ. ರೇಡಿಯೋ ಮೊಬೈಲ್ ಈ ಮಿತಿಯನ್ನು ತಾನಾಗಿ ಕಾಯುವುದಿಲ್ಲ. 30 ಡಿಬಿಐ ಡಿಶ್ ಜೊತೆ 25 ಡಿಬಿಎಂ ಎಂದು ತುಂಬಿದರೆ ಅದನ್ನೇ ನಂಬಿ 19 ಡಿಬಿ ಹೆಚ್ಚಿನ ಉತ್ತರ ಕೊಡುತ್ತದೆ.

ಈಗ ತಂತ್ರಾಂಶಕ್ಕೆ ಬರೋಣ. ಅದನ್ನು ಅನುಸ್ಥಾಪಿಸುವ ಕೆಲಸದಲ್ಲೇ ಅದರ ವಯಸ್ಸು ಗೊತ್ತಾಗುತ್ತದೆ. ವಿಷುಯಲ್ ಬೇಸಿಕ್‌ನ ಹಳೆಯ ಲೈಬ್ರರಿಗಳನ್ನು ಬೇಡುತ್ತದೆ, ನಕ್ಷೆಯ ದತ್ತಾಂಶಕ್ಕೆ ಬೇರೆ ಫೋಲ್ಡರ್ ತೋರಿಸಬೇಕು, ಪರದೆಯ ಅಕ್ಷರಗಳು ಈಗಿನ ಲ್ಯಾಪ್‌ಟಾಪಿನಲ್ಲಿ ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣ. ಸ್ಥಳಗಳಿಗೆ ಒಂದು ಕಿಟಕಿ, ಜಾಲಕ್ಕೆ ಇನ್ನೊಂದು, ಸಾಧನದ ವಿವರಗಳಿಗೆ ಮತ್ತೊಂದು, ಯಾವ ಸ್ಥಳ ಯಾವ ಜಾಲದ ಸದಸ್ಯ ಎಂದು ಗುರುತು ಹಾಕಲು ಬೇರೊಂದು. ಈ ವ್ಯವಸ್ಥೆ ಮೊದಲ ಸಂಜೆ ಯಾರಿಗಾದರೂ ತಲೆ ಕೆಡಿಸುತ್ತದೆ. ಒಮ್ಮೆ ಹಿಡಿತಕ್ಕೆ ಬಂದ ಮೇಲೆ ಅದರ ಹಿಂದಿನ ಯೋಚನೆ ಅರ್ಥವಾಗುತ್ತದೆ: ಹತ್ತಾರು ಊರುಗಳಿಗೆ ಒಂದೇ ಬಗೆಯ ರೇಡಿಯೋ ಹಾಕುವವರು ಅದರ ವಿವರವನ್ನು ಒಂದೇ ಕಡೆ ಬರೆದಿಟ್ಟರೆ ಸಾಕು.

ಎಫ್2 ಒತ್ತಿದರೆ ತೆರೆಯುವ ರೇಡಿಯೋ ಲಿಂಕ್ ಕಿಟಕಿಯೇ ಈ ತಂತ್ರಾಂಶದ ಹೃದಯ. ಎರಡು ತುದಿಗಳ ನಡುವಿನ ನೆಲದ ಸೀಳುನೋಟ, ಅದರ ಮೇಲೆ ಅಲೆಯ ನೇರ ಗೆರೆ, ಗೆರೆಯ ಸುತ್ತ ಫ್ರೆನೆಲ್ ವಲಯದ, ಅಂದರೆ ಅಲೆ ಸಾಗಲು ಬಹುಮಟ್ಟಿಗೆ ಖಾಲಿ ಇರಬೇಕಾದ ಜಾಗದ, ಉಬ್ಬು. ಮೇಲುಗಡೆ ಅಂಕಿಗಳ ಸಾಲುಗಳು: ದಿಕ್ಕು, ದೂರ, ಅತಿ ಇಕ್ಕಟ್ಟಾದ ಜಾಗದಲ್ಲಿ ಫ್ರೆನೆಲ್ ವಲಯ ಎಷ್ಟು ತೆರೆದಿದೆ, ದಾರಿಯ ಒಟ್ಟು ನಷ್ಟ, ರಿಸೀವರಿಗೆ ಸಿಗುವ ಮಟ್ಟ, ಮತ್ತು ಕೊನೆಯಲ್ಲಿ ‘ಆರ್‌ಎಕ್ಸ್ ರಿಲೇಟಿವ್’. ಒಟ್ಟು ನಷ್ಟವನ್ನು ಅದು ಬಿಡಿಸಿಯೂ ತೋರಿಸುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಗುಣ. ತೆರೆದ ಅವಕಾಶದ ನಷ್ಟ ಇಷ್ಟು, ಅಡೆತಡೆಯಿಂದ ಇಷ್ಟು, ಕಟ್ಟಡಗಳಿಂದ ಇಷ್ಟು, ಕಾಡಿನಿಂದ ಇಷ್ಟು, ಸಂಖ್ಯಾಶಾಸ್ತ್ರದ ಬಾಬ್ತು ಇಷ್ಟು ಎಂದು ಪ್ರತ್ಯೇಕವಾಗಿ ಬರೆದಿರುವುದರಿಂದ, ಮೊದಲ ಅಂಕಿಯನ್ನು ನಮ್ಮ ಕಾಗದದ 129.3ರೊಂದಿಗೆ ತಾಳೆ ನೋಡಬಹುದು. ಅದು ತಾಳೆಯಾಗದಿದ್ದರೆ ಆವರ್ತನವನ್ನೋ ಸ್ಥಳವನ್ನೋ ತಪ್ಪಾಗಿ ತುಂಬಿದ್ದೇವೆ ಎಂದರ್ಥ.

ಹೊಸಬರು ಗಲಿಬಿಲಿಗೊಳ್ಳುವುದು ಕೊನೆಯ ಬಾಬ್ತಿನಲ್ಲಿ. ಶೇಕಡಾ 70ರಷ್ಟು ಸಂದರ್ಭಗಳಲ್ಲಿ ಈ ಮಟ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತನ್ನು ಮೊದಲೇ ತುಂಬಿಟ್ಟಿರುವುದರಿಂದ, ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಆರೇಳು ಡಿಬಿ ಹೆಚ್ಚುವರಿ ನಷ್ಟ ಸೇರುತ್ತದೆ. ಕೈಲೆಕ್ಕದ −63 ಪರದೆಯ ಮೇಲೆ −70 ಆಸುಪಾಸು ಕಾಣುವುದಕ್ಕೆ ಇದೇ ಕಾರಣ. ಎರಡೂ ಸರಿ: ಒಂದು ಶುಭ್ರ ದಿನದ ನಿರೀಕ್ಷೆ, ಇನ್ನೊಂದು ಸ್ವಲ್ಪ ಎಚ್ಚರಿಕೆಯ ಅಂದಾಜು. ಅಡೆತಡೆಯ ಬಾಬ್ತಿನಲ್ಲಿ ಕೆಲವೊಮ್ಮೆ ಮೈನಸ್ ಅಂಕಿ ಬಂದು, ಅಡ್ಡಿಯಿಂದಲೇ ಲಾಭವಾದಂತೆ ಕಾಣುವುದುಂಟು. ನೆಲದಿಂದ ಪ್ರತಿಫಲಿಸಿದ ಅಲೆ ನೇರ ಅಲೆಗೆ ಕೂಡಿಕೊಳ್ಳುತ್ತದೆ ಎಂಬ ಊಹೆಯ ಫಲ ಅದು. ಇಂಥ ಲಾಭವನ್ನು ಲೆಕ್ಕದಿಂದ ಬಿಟ್ಟುಬಿಡುವುದೇ ಕ್ಷೇಮ.

ನಿಜವಾದ ಬಲೆ ಇರುವುದು ‘ಆರ್‌ಎಕ್ಸ್ ರಿಲೇಟಿವ್’ನಲ್ಲಿ. ಸಿಕ್ಕ ಶಕ್ತಿ ರಿಸೀವರಿಗೆ ಕನಿಷ್ಠ ಬೇಕಾದ ಶಕ್ತಿಗಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಅದು ಹೇಳುತ್ತದೆ, ಅಂದರೆ ನಾವು ಫೇಡ್ ಮಾರ್ಜಿನ್ (ಸಿಗ್ನಲ್ ಕುಗ್ಗಿದರೂ ಲಿಂಕ್ ಉಳಿಯಲು ಕೈಯಲ್ಲಿರುವ ಹೆಚ್ಚುವರಿ ಶಕ್ತಿ) ಎನ್ನುವುದು ಅದೇ. ಆ ಕನಿಷ್ಠ ಮಟ್ಟದ ಜಾಗದಲ್ಲಿ ತಂತ್ರಾಂಶ ತಾನಾಗಿ ಇಟ್ಟುಕೊಂಡಿರುವುದು 1 ಮೈಕ್ರೋವೋಲ್ಟ್, ಡಿಬಿಎಂನಲ್ಲಿ ಹೇಳುವುದಾದರೆ −107. ಕಿರಿದಾದ ಚಾನೆಲ್ಲಿನಲ್ಲಿ ಮಾತು ಕೇಳುವ ವಿಎಚ್‌ಎಫ್ ಸೆಟ್ಟಿಗೆ ಇದು ಸಾಕು. ಆದರೆ 20 ಮೆಗಾಹರ್ಟ್ಸ್ ಅಗಲದ ಡೇಟಾ ಚಾನೆಲ್ಲಿನಲ್ಲಿ ಉಷ್ಣದ ಗದ್ದಲವೇ −101 ಡಿಬಿಎಂ ಇರುತ್ತದೆ, ರಿಸೀವರಿನ ಸ್ವಂತ ಗದ್ದಲ 6 ಡಿಬಿ ಎಂದುಕೊಂಡರೆ ಅದು −95ಕ್ಕೆ ಏರುತ್ತದೆ. ಗದ್ದಲಕ್ಕಿಂತಲೂ ಕೆಳಗಿರುವ −107ರಲ್ಲಿ ಯಾವ ಡೇಟಾ ರೇಡಿಯೋವೂ ಕೆಲಸ ಮಾಡದು. ನಮಗೆ ಬೇಕಾದ ವೇಗಕ್ಕೆ, 64 ಕ್ವಾಮ್ ಮಾಡ್ಯುಲೇಷನ್ನಿಗೆ (ಅಲೆಯ ಮೇಲೆ ಡೇಟಾ ಹೇರುವ ವೇಗದ ವಿಧಾನವೊಂದು), −75ರಷ್ಟು ಬೇಕೆಂದು ಇಟ್ಟುಕೊಳ್ಳೋಣ. ಆಗ ಅದೇ ದಾರಿ, ಅದೇ ಡಿಶ್, ಅದೇ −70 ಮಟ್ಟಕ್ಕೆ, ಮೊದಲಿನ ಅಂಕಿಯನ್ನು ಹಾಗೆಯೇ ಬಿಟ್ಟರೆ 37 ಡಿಬಿ ಮಾರ್ಜಿನ್ ಕಾಣುತ್ತದೆ, ಸರಿಪಡಿಸಿದರೆ 5 ಡಿಬಿ. ಹಸಿರು ಗೆರೆ ಎರಡರಲ್ಲೂ ಹಸಿರಾಗಿಯೇ ಇರಬಹುದು. ಆದ್ದರಿಂದ ರೇಡಿಯೋದ ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು, ಪ್ರತಿ ಮಾಡ್ಯುಲೇಷನ್ನಿಗೂ ಬೇಕಾದ ಮಟ್ಟವನ್ನು ನೋಡಿ, ಒಂದೊಂದನ್ನೂ ಬೇರೆ ಬೇರೆ ಸಾಧನವೆಂದು ತಂತ್ರಾಂಶದಲ್ಲಿ ಬರೆದಿಡುವುದು ನನ್ನ ರೂಢಿ. ಚಾನೆಲ್ಲಿನ ಅಗಲವನ್ನು ಎರಡರಷ್ಟು ಮಾಡಿದಾಗಲೆಲ್ಲ ಗದ್ದಲ 3 ಡಿಬಿ ಏರುವುದರಿಂದ, 80 ಮೆಗಾಹರ್ಟ್ಸ್ ಆಸೆ ಇದ್ದವರು ಇನ್ನೂ 6 ಡಿಬಿ ಕಳೆದುಕೊಳ್ಳಲು ಸಿದ್ಧರಿರಬೇಕು.

ನೆಲದ ಎತ್ತರಕ್ಕೆ ರೇಡಿಯೋ ಮೊಬೈಲ್ ಬಳಸುವುದು ಎಸ್‌ಆರ್‌ಟಿಎಂ ದತ್ತಾಂಶ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರೇಡಾರ್‌ನಿಂದ ಭೂಮಿಯನ್ನು ಅಳೆದು ತಂದ ಎತ್ತರಗಳು ಅವು, ಸುಮಾರು 30 ಮೀಟರಿಗೊಂದು ಅಥವಾ 90 ಮೀಟರಿಗೊಂದು ಬಿಂದುವಿನಂತೆ ಸಿಗುತ್ತವೆ. ಬಯಲುಸೀಮೆಗೆ ಇದು ಧಾರಾಳ ಸಾಕು. ಮಲೆನಾಡಿನಲ್ಲಿ ತೊಡಕು ಏನೆಂದರೆ, ಆ ರೇಡಾರ್ ದಟ್ಟ ಕಾಡಿನ ಮೇಲೆ ಅಳೆದದ್ದು ನೆಲವನ್ನೂ ಅಲ್ಲ, ಮರದ ತುದಿಯನ್ನೂ ಅಲ್ಲ, ನಡುವಿನ ಯಾವುದೋ ಎತ್ತರವನ್ನು. ಅದರ ಮೇಲೆ ಈ ಇಪ್ಪತ್ತೈದು ವರ್ಷಗಳಲ್ಲಿ ಬೆಳೆದ ತೋಟಗಳು ಅದರಲ್ಲಿ ಇಲ್ಲ. ಭೂಬಳಕೆಯ ನಕ್ಷೆಯನ್ನು ಸೇರಿಸಿ, ಕಾಡಿಗೆ ಇಷ್ಟು ಎತ್ತರ, ಹೊಲಕ್ಕೆ ಇಷ್ಟು ಎಂದು ತುಂಬುವ ಸೌಲಭ್ಯವೇನೋ ಇದೆ. ಆದರೆ ಆ ನಕ್ಷೆಯ ಒಂದು ಚೌಕ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಅಗಲವಿರುವಾಗ, ಕಣಿವೆಯ ಸಂದಿಯಲ್ಲಿ ಎರಡು ಎಕರೆ ಅಡಿಕೆ ತೋಟ ಅದರ ಕಣ್ಣಿಗೆ ಬೀಳುವುದು ಹೇಗೆ?

ಆದ್ದರಿಂದ ಈ ಭಾಗವನ್ನು ಕೈಯಿಂದಲೇ ಮಾಡಬೇಕು. 12 ಕಿಲೋಮೀಟರ್ ದಾರಿಯ ನಡುಮಧ್ಯದಲ್ಲಿ 5.8 ಗಿಗಾಹರ್ಟ್ಸ್‌ನ ಮೊದಲ ಫ್ರೆನೆಲ್ ವಲಯದ ತ್ರಿಜ್ಯ 12.5 ಮೀಟರ್, ಅದರಲ್ಲಿ ಶೇಕಡಾ 60, ಅಂದರೆ 7.5 ಮೀಟರ್, ಖಾಲಿ ಇರಲೇಬೇಕು. ಭೂಮಿಯ ಬಾಗಿನಿಂದ ನಡುವೆ ನೆಲ ಸುಮಾರು 2 ಮೀಟರ್ ಉಬ್ಬಿದಂತಾಗುತ್ತದೆ, ಅದನ್ನು ತಂತ್ರಾಂಶ ತಾನೇ ಸೇರಿಸಿಕೊಳ್ಳುತ್ತದೆ. ದಾರಿಯ ನಡುವೆ ಬರುವ ದಿಬ್ಬದ ಮೇಲೆ 20 ಮೀಟರ್ ಎತ್ತರದ ಅಡಿಕೆ ಮರಗಳಿದ್ದರೆ, ಅಲೆಯ ಗೆರೆ ಅಲ್ಲಿ ನೆಲದಿಂದ ಹೆಚ್ಚುಕಡಿಮೆ 30 ಮೀಟರ್ ಮೇಲೆ ಹಾಯಬೇಕಾಗುತ್ತದೆ. ಸೀಳುನೋಟದಲ್ಲಿ ಇಕ್ಕಟ್ಟಾದ ಜಾಗದ ಅಕ್ಷಾಂಶ ರೇಖಾಂಶ ಸಿಗುವುದರಿಂದ ಅಲ್ಲಿಗೇ ಹೋಗಿ ಮರ ನೋಡಿ ಬರಬಹುದು. ತಂತ್ರಾಂಶ ಕೊಡುವ ಅತಿ ದೊಡ್ಡ ಸಹಾಯ ಇದು: ಹನ್ನೆರಡು ಕಿಲೋಮೀಟರಿನಲ್ಲಿ ನೋಡಬೇಕಾದ ನೂರು ಮೀಟರ್ ಯಾವುದು ಎಂದು ಅದು ಬೊಟ್ಟು ಮಾಡಿ ತೋರಿಸುತ್ತದೆ.

ನೀರಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹಿನ್ನೀರಿನ ಮಟ್ಟ ಎಸ್‌ಆರ್‌ಟಿಎಂನಲ್ಲಿ ಆ ಒಂದು ಫೆಬ್ರವರಿಯಲ್ಲಿ ಇದ್ದಂತೆ ನಿಂತುಬಿಟ್ಟಿದೆ. ಲಿಂಗನಮಕ್ಕಿಯಲ್ಲಾದರೋ ಮಳೆಗಾಲದ ಕೊನೆಗೆ ನೀರು ದಡ ಮುಟ್ಟುತ್ತದೆ, ಬೇಸಿಗೆಯಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ಮೇಲೆ ಕಾಣುವಷ್ಟು ಇಳಿಯುತ್ತದೆ. ನಿಂತ ನೀರು ಮೈಕ್ರೋವೇವ್‌ಗೆ ಕನ್ನಡಿಯಿದ್ದಂತೆ. ಅದರಿಂದ ಪುಟಿದು ಬಂದ ಅಲೆ ನೇರ ಅಲೆಗೆ ಕೂಡಿಕೊಳ್ಳಬಹುದು, ಇಲ್ಲವೇ ಅದನ್ನು ಅಳಿಸಿಹಾಕಬಹುದು. ನೀರಿನಿಂದ ಒಂದು ಆಂಟೆನಾ 60 ಮೀಟರ್, ಇನ್ನೊಂದು 40 ಮೀಟರ್ ಎತ್ತರದಲ್ಲಿದ್ದರೆ, ಭೂಮಿಯ ಬಾಗನ್ನು ಬಿಟ್ಟು ಲೆಕ್ಕ ಹಾಕಿದಾಗ, ಎರಡು ದಾರಿಗಳ ಉದ್ದದಲ್ಲಿ 40 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ನೀರು 10 ಮೀಟರ್ ಇಳಿದರೆ ಆ ವ್ಯತ್ಯಾಸ 58 ಸೆಂಟಿಮೀಟರ್ ಆಗುತ್ತದೆ. ಅಲೆಯ ಉದ್ದವೇ 5.2 ಸೆಂಟಿಮೀಟರ್ ಇರುವಾಗ, ಒಂದೇ ಬೇಸಿಗೆಯಲ್ಲಿ ಸಿಗ್ನಲ್ ಮೂರಕ್ಕೂ ಹೆಚ್ಚು ಬಾರಿ ಏರಿ ಇಳಿಯುತ್ತದೆ ಎಂದಾಯಿತು. ಲಾಂಗ್ಲಿ–ರೈಸ್ ಮಾದರಿ ಕೊಡುವುದು ಮಧ್ಯಮ ಮಟ್ಟವನ್ನು, ಆದ್ದರಿಂದ ಈ ಏರಿಳಿತ ಅದರಲ್ಲಿ ಕಾಣುವುದಿಲ್ಲ. ಎರಡು ಕಿರಣಗಳ ಲೆಕ್ಕದ ಆಯ್ಕೆಯೊಂದು ತಂತ್ರಾಂಶದಲ್ಲಿದೆ, ನೀರಿನ ಮೇಲಿನ ಲಿಂಕಿಗೆ ಅದನ್ನು ಹಾಕಿ ನೋಡದೆ ಆಂಟೆನಾದ ಎತ್ತರ ನಿರ್ಧರಿಸಬಾರದು. ಈಚೆ ದಡದ ಆಂಟೆನಾವನ್ನು ಒಂದು ಗುಡ್ಡದ ಅಂಚಿನ ಹಿಂದಕ್ಕೆ ಸರಿಸಿ, ನೀರಿನಿಂದ ಪುಟಿಯುವ ಅಲೆಗೆ ಆ ಅಂಚು ಅಡ್ಡ ಬರುವಂತೆ ಮಾಡುವುದು ಹಳೆಯ ಉಪಾಯ, ಸೀಳುನೋಟವನ್ನು ಮುಂದಿಟ್ಟುಕೊಂಡರೆ ಅಂಥ ಜಾಗ ಹುಡುಕುವುದು ಸುಲಭ. ಹವಾಮಾನದ ಆಯ್ಕೆಯಲ್ಲಿ ತಾನಾಗಿ ಇರುವ ಭೂಖಂಡೀಯ ಸಮಶೀತೋಷ್ಣವನ್ನು ತೆಗೆದು ಉಪೋಷ್ಣವಲಯಕ್ಕೆ ಬದಲಿಸುವುದನ್ನೂ ಮರೆಯಬಾರದು.

ವಿಶ್ವಾಸಾರ್ಹತೆಯ ಲೆಕ್ಕಕ್ಕೆ ನಾನು ತಂತ್ರಾಂಶದ ಶೇಕಡಾವಾರನ್ನು ನೆಚ್ಚಿಕೊಳ್ಳುವುದಿಲ್ಲ. ಬೆಲ್ ಲ್ಯಾಬ್ಸ್‌ನ ಬಾರ್ನೆಟ್ ಮತ್ತು ವಿಗಾಂಟ್ಸ್ 1970ರ ದಶಕದಲ್ಲಿ ಕೊಟ್ಟ ಸೂತ್ರವನ್ನು ಕಾಗದದ ಮೇಲೆ ಬಳಸುತ್ತೇನೆ. ಅದರಂತೆ ಲಿಂಕ್ ಕೈಕೊಡುವ ಸಾಧ್ಯತೆ ದೂರದ ಘನಕ್ಕೆ ಅನುಗುಣವಾಗಿ ಏರುತ್ತದೆ, ಮಾರ್ಜಿನ್ 10 ಡಿಬಿ ಹೆಚ್ಚಿದಾಗ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಶುಭ್ರ ದಿನದ −63.3ಕ್ಕೂ ಬೇಕಾದ −75ಕ್ಕೂ ನಡುವೆ ಇರುವ 11.7 ಡಿಬಿಯನ್ನು ಹಾಕಿ, ನೀರು ಮತ್ತು ತೇವದ ದಾರಿಗೆ ಆ ಸೂತ್ರ ಹೇಳುವ ಗುಣಕ 4 ಎಂದು ತೆಗೆದುಕೊಂಡರೆ, ಅತಿ ಕೆಟ್ಟ ತಿಂಗಳಲ್ಲಿ ಸುಮಾರು 70 ನಿಮಿಷ ಆ ವೇಗ ಸಿಗುವುದಿಲ್ಲ. ರೇಡಿಯೋ ತಾನಾಗಿ ಕೆಳಗಿನ ಮಾಡ್ಯುಲೇಷನ್ನಿಗೆ ಇಳಿಯುತ್ತದೆಂದು −85ರ ಲೆಕ್ಕ ಹಿಡಿದರೆ ಅದು 7 ನಿಮಿಷಕ್ಕೆ ಬರುತ್ತದೆ. ಸಹಕಾರ ಸಂಘದ ಕೆಲಸಕ್ಕೆ ಇದು ಸಾಕೆಂದೇ ನಾವು ತೀರ್ಮಾನಿಸಿದೆವು, ಆಸ್ಪತ್ರೆಯಾಗಿದ್ದರೆ ಸಾಕೆನ್ನುತ್ತಿರಲಿಲ್ಲ.

ಮಳೆಯ ಬಗ್ಗೆ ಜನರಿಗಿರುವ ಭಯ ಈ ಆವರ್ತನದಲ್ಲಿ ಅತಿಯಾದದ್ದು. ಗಂಟೆಗೆ 100 ಮಿಲಿಮೀಟರ್ ಸುರಿದರೂ 6 ಗಿಗಾಹರ್ಟ್ಸ್ ಆಸುಪಾಸು ಕಿಲೋಮೀಟರಿಗೆ ಹೆಚ್ಚೆಂದರೆ 1 ಡಿಬಿ ಹೋಗುತ್ತದೆ, ಲಂಬ ಧ್ರುವೀಕರಣದಲ್ಲಿ (ಅಲೆ ಮೇಲೆ-ಕೆಳಗೆ ಕಂಪಿಸುವಾಗ) ಅದಕ್ಕಿಂತ ಕಡಿಮೆ, ಮತ್ತು ಅಂಥ ಮಳೆ ಇಡೀ ದಾರಿಯ ಮೇಲೆ ಒಟ್ಟಿಗೆ ಬೀಳುವುದು ಅಪರೂಪ. ಅದೇ ಮಳೆ 18 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ 10 ಡಿಬಿ ತಿನ್ನುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಸಿಗ್ನಲ್ ಬೀಳುವುದಕ್ಕೆ ಮಳೆಹನಿಗಿಂತ ನೆನೆದ ಎಲೆಗಳು ಹೆಚ್ಚು ಕಾರಣ. ಫ್ರೆನೆಲ್ ವಲಯದ ಅಂಚಿಗೆ ತಾಗಿದ ಮರ ಒಣಗಿದ್ದಾಗ ಸುಮ್ಮನಿದ್ದು, ತೊಯ್ದಾಗ ಅಡ್ಡಗೋಡೆಯಾಗುತ್ತದೆ.

ಇಷ್ಟೆಲ್ಲ ಲೆಕ್ಕದ ಫಲ ಸಿಗುವುದು ಟವರ್ ಮೇಲೆ. ನಿರೀಕ್ಷಿತ ಮಟ್ಟ −63 ಎಂಬುದು ಕಿಸೆಯಲ್ಲಿರುವಾಗ ಅಲೈನ್‌ಮೆಂಟ್ ಮಾಡುವವರಿಗೆ, ಅಂದರೆ ಡಿಶ್ ದಿಕ್ಕು ಹೊಂದಿಸುವವರಿಗೆ, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿದಿರುತ್ತದೆ. ಡಿಶ್ ತಿರುಗಿಸುತ್ತ −84ಕ್ಕೆ ಬಂದು, ಆಚೀಚೆ ಅಲುಗಿಸಿದರೆ ಇಳಿಯುತ್ತದೆಂದು ಬೋಲ್ಟ್ ಬಿಗಿದು ಇಳಿದುಬಿಡುವ ತಂಡಗಳಿವೆ. ಅವರು ಹಿಡಿದದ್ದು ಮುಖ್ಯ ಕಿರಣವನ್ನಲ್ಲ, ಅದರ ಪಕ್ಕದ ಸಣ್ಣ ಕಿರಣವನ್ನು. 20 ಡಿಬಿಯ ಕೊರತೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಕೊರತೆ ಬರೀ 3 ಡಿಬಿ ಇದ್ದರೆ ಕಾರಣ ಬೇರೆ ಇರಬಹುದು: ಎರಡು ಧ್ರುವೀಕರಣಗಳಲ್ಲಿ ಕೆಲಸ ಮಾಡುವ ರೇಡಿಯೋಗಳು ಶಕ್ತಿಯನ್ನು ಎರಡಕ್ಕೂ ಹಂಚುತ್ತವೆ, ಪರದೆಯ ಮೇಲೆ ಒಂದೊಂದರ ಮಟ್ಟವನ್ನೂ ಒಟ್ಟು ಮಟ್ಟವನ್ನೂ ಬೇರೆ ಬೇರೆ ತೋರಿಸುತ್ತವೆ. ನಾವು ಲೆಕ್ಕ ಹಾಕಿದ್ದು ಒಟ್ಟು ಶಕ್ತಿಯನ್ನು, ಓದುತ್ತಿರುವುದು ಒಂದರದ್ದನ್ನು ಎಂದಾದರೆ ವ್ಯತ್ಯಾಸ ಬರಲೇಬೇಕು.

ಬೇರೆ ಸಾಧನಗಳೊಂದಿಗೆ ಹೋಲಿಸುವುದಾದರೆ, ರೇಡಿಯೋ ತಯಾರಕರು ಬ್ರೌಸರಿನಲ್ಲೇ ಕೊಡುವ ಯೋಜನಾ ಪುಟಗಳು ನೋಡಲು ಚೆಂದ, ಬಳಸಲು ಸುಲಭ, ಮತ್ತು ತಮ್ಮ ಸಾಧನದ ಕನಿಷ್ಠ ಮಟ್ಟವನ್ನು ತಾವೇ ಸರಿಯಾಗಿ ತುಂಬಿಕೊಂಡಿರುತ್ತವೆ. ಆದರೆ ಅವು ಅವರವರ ಸಾಧನಗಳಿಗೆ ಸೀಮಿತ, ನಷ್ಟವನ್ನು ಬಾಬ್ತುವಾರು ಬಿಡಿಸಿ ತೋರಿಸುವ ಉದಾರತೆ ಕಡಿಮೆ. ಲಿನಕ್ಸ್ ಬಳಸುವವರಿಗೆ ಅದೇ ಲಾಂಗ್ಲಿ–ರೈಸ್ ಮಾದರಿಯ ‘ಸ್ಪ್ಲಾಟ್’ ಇದೆ, ಆದರೆ ಅದು ಆದೇಶದ ಸಾಲುಗಳಲ್ಲಿ ಮಾತಾಡುವವರಿಗೆ ಮಾತ್ರ. ಗೂಗಲ್ ಅರ್ಥ್‌ನ ಸೀಳುನೋಟವನ್ನು ಮೊದಲ ಅಂದಾಜಿಗೆ ನೋಡಬಹುದು, ಅದರಲ್ಲಿ ಭೂಮಿಯ ಬಾಗೂ ಇಲ್ಲ, ಫ್ರೆನೆಲ್ ವಲಯವೂ ಇಲ್ಲ.

ಹವ್ಯಾಸಿ ರೇಡಿಯೋ ಮತ್ತು ಮಾನವೀಯ ಕೆಲಸಗಳಿಗೆಂದು ಅರ್ಪಿಸಿರುವ ತಂತ್ರಾಂಶ ಇದಾಗಿದ್ದರೂ ವಾಣಿಜ್ಯ ಬಳಕೆಗೆ ನಿಷೇಧವಿಲ್ಲ, ಫಲಿತಾಂಶದ ಹೊಣೆ ಮಾತ್ರ ಬಳಸುವವರದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಹಳೆಯ ಪರದೆಗಲ್ಲ, ಅದಕ್ಕೆ ಒಂದು ವಾರದಲ್ಲಿ ಒಗ್ಗಿಕೊಳ್ಳಬಹುದು. ಗಿಗಾಹರ್ಟ್ಸ್‌ನಲ್ಲಿ ಆವರ್ತನ ತುಂಬಿದ ಮೇಲೂ −107 ಡಿಬಿಎಂ ಅನ್ನು ಒಂದು ಎಚ್ಚರಿಕೆಯ ಮಾತೂ ಇಲ್ಲದೆ ಒಪ್ಪಿಕೊಂಡು ಮಾರ್ಜಿನ್ ತೋರಿಸುವ ಅದರ ಮೌನಕ್ಕಾಗಿ.